ಗುರುವನ್ನು ಅಳೆಯುವ ಕೋಲು ಯಾವದು?

ಅಮೇರಿಕೆಯ ಸಂಯುಕ್ತ ಸಂಸ್ಥಾನಗಳಲ್ಲಿ ಕಾಲೇಜು ವಿದ್ಯಾರ್ಥಿನಿಯರ ಬಾಸ್ಕೆಟ್‌ಬಾಲ್ ಆಟವು ಇಂದು ಒಂದು ರಾಷ್ಟ್ರೀಯ ಉತ್ಸವದ ಸ್ವರೂಪವನ್ನು ತಾಳಿದೆ. 2024ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಸೌತ್ ಕ್ಯಾರೊಲೈನಾ ಮತ್ತು ಅಯೋವಾ ವಿಶ್ವವಿದ್ಯಾಲಯಗಳ ಕನ್ಯೆಯರು ಆಡಿದ ಅಂತಿಮ ಪಂದ್ಯವನ್ನು ಸರಾಸರಿ 1 ಕೋಟಿ 89 ಲಕ್ಷ ಜನರು ತಮ್ಮ ಮನೆಗಳಲ್ಲಿ ಕುಳಿತು ದೂರದರ್ಶನದಲ್ಲಿ ನೋಡಿದರು. ಅದೇ ವರ್ಷದ ಪುರುಷರ ಅಂತಿಮ ಪಂದ್ಯಕ್ಕೆ ದೊರೆತ ಪ್ರೇಕ್ಷಕರು ಅದಕ್ಕಿಂತ ಸುಮಾರು 40 ಲಕ್ಷ ಕಡಿಮೆ. ಐವತ್ತು ವರ್ಷಗಳ ಹಿಂದೆ ಯಾರಾದರೂ ಹೀಗಾದೀತೆಂದು ಹೇಳಿದ್ದರೆ, ಆ ದೇಶದ ಜನರೇ ನಕ್ಕು ಸುಮ್ಮನಾಗುತ್ತಿದ್ದರು.

ಆಟ ಬೆಳೆದಂತೆ ಅದನ್ನು ಕಲಿಸುವವರ ಕೀರ್ತಿಯೂ ಬೆಳೆದಿರುತ್ತದೆ. ಅಲ್ಲಿ 'ಹೆಡ್ ಕೋಚ್' ಎನ್ನಿಸಿಕೊಳ್ಳುವ ಮುಖ್ಯ ಗುರುವು ಕೇವಲ ಚೆಂಡು ಹಾಕುವದನ್ನು ಕಲಿಸುವವನಲ್ಲ. ಊರೂರು ತಿರುಗಿ ಹುಡುಗಿಯರನ್ನು ಆರಿಸುವದು, ಅವರ ತಾಯಿತಂದೆಗಳಿಗೆ ಭರವಸೆ ಕೊಟ್ಟು ಕಾಲೇಜಿಗೆ ಕರೆತರುವದು, ನಾಲ್ಕು ವರ್ಷ ಅವರ ಓದು, ಊಟ, ನಡತೆಗಳ ಮೇಲೆ ಕಣ್ಣಿಡುವದು, ಇವೆಲ್ಲವೂ ಆ ಪದವಿಗೆ ಸೇರಿದ ಹೊಣೆಗಳಾಗಿವೆ. ಇಂಥ ಗುರುಗಳಲ್ಲಿ ಮೊದಲನೆಯವರು ಯಾರು, ಎರಡನೆಯವರು ಯಾರು ಎಂದು ಪಟ್ಟಿ ಮಾಡುವದು ಅಲ್ಲಿಯ ಆಟದ ಬರಹಗಾರರಿಗೆ ಪ್ರಿಯವಾದ ಕೆಲಸ. 2024ರ ನವೆಂಬರ್ 20ರಂದು ಕನೆಕ್ಟಿಕಟ್ ವಿಶ್ವವಿದ್ಯಾಲಯದ ಶ್ರೀ ಜೀನೋ ಆರಿಯೆಮ್ಮಾ ಅವರು ತಮ್ಮ 1,217ನೆಯ ಜಯವನ್ನು ಪಡೆದು, ಸ್ಟ್ಯಾನ್‌ಫರ್ಡ್‌ನ ಶ್ರೀಮತಿ ತಾರಾ ವ್ಯಾನ್‌ಡರ್ವೀರ್ ಅವರ 1,216 ಜಯಗಳ ಗಡಿಯನ್ನು ದಾಟಿದರು. ಮರುವರ್ಷ ಏಪ್ರಿಲ್‌ನಲ್ಲಿ ಅವರ ತಂಡವು ಸೌತ್ ಕ್ಯಾರೊಲೈನಾವನ್ನು 82–59ರಿಂದ ಸೋಲಿಸಿದಾಗ ಅವರ ಪಾಲಿಗೆ 12ನೆಯ ರಾಷ್ಟ್ರೀಯ ಪ್ರಶಸ್ತಿ ಬಂದಿತು. ಇನ್ನು ವಾದವೇ ಉಳಿಯಲಿಲ್ಲ, ಪಟ್ಟಿಯ ಮೊದಲ ಸಾಲು ತುಂಬಿಹೋಯಿತು ಎಂದು ಅನೇಕರು ನಿಶ್ಚಯಿಸಿಬಿಟ್ಟರು.

ನಮಗೆ ಹಾಗೆ ತೋರುವದಿಲ್ಲ. ಕಣದಲ್ಲಿ ಬಿದ್ದ ರಾಶಿಯ ಎತ್ತರವನ್ನು ಮಾತ್ರ ನೋಡಿ ಒಕ್ಕಲಿಗನ ಯೋಗ್ಯತೆಯನ್ನು ನಿರ್ಣಯಿಸುವವನು ಒಕ್ಕಲುತನವನ್ನು ಅರಿತವನಲ್ಲ. ಎರೆಹೊಲದಲ್ಲಿ ಹತ್ತು ಚೀಲ ಬೆಳೆದವನಿಗಿಂತ, ಕಲ್ಲುಹೊಲವನ್ನು ಹಸನು ಮಾಡಿ ಎಂಟು ಚೀಲ ಬೆಳೆದವನು ಹೆಚ್ಚಿನವನೆಂಬದನ್ನು ನಮ್ಮ ಹಳ್ಳಿಯ ಹುಡುಗನೂ ಬಲ್ಲನು. ಆದುದರಿಂದ ಗುರುವು ಗೆದ್ದದ್ದೆಷ್ಟು ಎಂದು ಕೇಳುವದಕ್ಕೆ ಮೊದಲು ಮೂರು ಪ್ರಶ್ನೆಗಳನ್ನು ಕೇಳಬೇಕು. ಆರಂಭದಲ್ಲಿ ಕೈಯಲ್ಲಿ ಏನಿತ್ತು? ಹೋಗುವಾಗ ಅಲ್ಲಿ ಏನು ಉಳಿಯಿತು? ಶಿಷ್ಯೆಯರು ಮುಂದೆ ಏನಾದರು?

ಮೊದಲು ಹೊಲದ ಇತಿಹಾಸವನ್ನು ನೋಡೋಣ. ಈ ಆಟವನ್ನು 1891ರಲ್ಲಿ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ ಜೇಮ್ಸ್ ನೈಸ್ಮಿತ್ ಅವರು ಕಲ್ಪಿಸಿದರು. ಮರುವರ್ಷವೇ ಸ್ಮಿತ್ ಕಾಲೇಜಿನ ಸೆಂಡಾ ಬೆರೆನ್‌ಸನ್ ಎಂಬ ಶಿಕ್ಷಕಿಯು ಅದನ್ನು ತನ್ನ ವಿದ್ಯಾರ್ಥಿನಿಯರಿಗೆ ಕಲಿಸಿದಳು. ಆದರೆ ಹೆಣ್ಣುಮಕ್ಕಳು ಹೆಚ್ಚು ಓಡಿದರೆ ಅವರ ದೇಹಕ್ಕೆ ಅಪಾಯವೆಂಬ ಕಾಲವದು. ಆದ್ದರಿಂದ ಅಂಗಳವನ್ನು ಮೂರು ಪಾಲು ಮಾಡಿ, ಆಟಗಾರ್ತಿಯು ತನ್ನ ಪಾಲನ್ನು ಬಿಟ್ಟು ಹೊರಗೆ ಕಾಲಿಡಬಾರದೆಂದು ನಿಯಮವಾಯಿತು. ಪುರುಷರಂತೆ ಐವರು ಕೂಡಿ ಇಡೀ ಅಂಗಳದಲ್ಲಿ ಆಡುವ ಪದ್ಧತಿಯು ಕಾಲೇಜು ಕನ್ಯೆಯರಿಗೆ ದೊರೆತದ್ದು 1971ರಲ್ಲಿ. ಆಮೇಲೆ 1972ರ ಜೂನ್ 23ರಂದು, ಸರಕಾರದ ಹಣ ಪಡೆಯುವ ಯಾವ ವಿದ್ಯಾಸಂಸ್ಥೆಯೂ ಸ್ತ್ರೀ ಪುರುಷರೆಂಬ ಭೇದವನ್ನು ಮಾಡಕೂಡದೆಂಬ ಶಾಸನವು ಅಧ್ಯಕ್ಷ ನಿಕ್ಸನ್ನರ ಅಂಕಿತದಿಂದ ಜಾರಿಗೆ ಬಂದಿತು. ಅಲ್ಲಿಯವರು ಅದನ್ನು 'ಟೈಟಲ್ ನೈನ್' ಎಂದು ಕರೆಯುತ್ತಾರೆ. ಶಾಸನದಲ್ಲಿ ಆಟದ ಮಾತೇ ಮುಖ್ಯವಾಗಿರಲಿಲ್ಲ. ಆದರೂ ಅದರ ಫಲವು ಆಟದ ಅಂಗಳದಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣಲಿಲ್ಲ.

ಈಗಿನ ಪಟ್ಟಿಗಳಲ್ಲಿರುವ ಮೊದಲನೆಯ ಅನ್ಯಾಯವು ಇಲ್ಲಿಯೇ ಆರಂಭವಾಗುತ್ತದೆ. ಕಾಲೇಜುಗಳ ಪುರುಷರ ಆಟಗಳನ್ನು ನಡೆಸುತ್ತಿದ್ದ ಬಲಾಢ್ಯ ಸಂಘವಾದ ಎನ್‌.ಸಿ.ಎ.ಎ.ಯು ಮಹಿಳೆಯರ ಬಾಸ್ಕೆಟ್‌ಬಾಲ್ ಪಂದ್ಯಾವಳಿಯನ್ನು ಮೊದಲು ನಡೆಸಿದ್ದು 1982ರಲ್ಲಿ. ಅದಕ್ಕೆ ಮುಂಚೆ ಹತ್ತು ವರ್ಷ ಮಹಿಳೆಯರೇ ಕಟ್ಟಿಕೊಂಡ ಬೇರೊಂದು ಸಂಘವು ಆ ಕೆಲಸವನ್ನು ಮಾಡುತ್ತಿದ್ದಿತು. ದೊಡ್ಡ ಸಂಘದ ದಫ್ತರನ್ನೇ ಪ್ರಮಾಣವಾಗಿಟ್ಟುಕೊಂಡವರು ಆ ಹತ್ತು ವರ್ಷಗಳನ್ನು ಲೆಕ್ಕದಿಂದ ಬಿಟ್ಟುಬಿಡುತ್ತಾರೆ. ಹೀಗೆ ಬಿಟ್ಟುಹೋದವರಲ್ಲಿ ಪೆನ್ಸಿಲ್ವೇನಿಯಾದ ಇಮ್ಮ್ಯಾಕುಲಾಟಾ ಎಂಬ ಪುಟ್ಟ ಕೆಥೋಲಿಕ್ ಕಾಲೇಜಿನ ಕ್ಯಾಥಿ ರಶ್ ಒಬ್ಬರು. ವರ್ಷಕ್ಕೆ 450 ಡಾಲರುಗಳ ಸಂಬಳದಿಂದ ಆರಂಭಿಸಿ, 1972ರಿಂದ 1974ರ ವರೆಗೆ ಮೂರು ವರ್ಷವೂ ಅವರು ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದರು. ಮೊದಲ ಸಲ ದೂರದ ಇಲಿನಾಯ್ ಪ್ರಾಂತಕ್ಕೆ ಹೋಗುವಾಗ ಇಡೀ ತಂಡದ ಪ್ರಯಾಣದ ವೆಚ್ಚಕ್ಕೆ ಹಣ ಸಾಲದೆ ಎಂಟೇ ಜನ ಆಟಗಾರ್ತಿಯರು ಹೋಗಬೇಕಾಯಿತು. ಕಾಲೇಜಿನ ಸಂನ್ಯಾಸಿನಿಯರು ತಗಡಿನ ಬಕೀಟುಗಳನ್ನು ಬಾರಿಸಿ ತಮ್ಮ ಹುಡುಗಿಯರಿಗೆ ಹುರುಪು ತುಂಬುತ್ತಿದ್ದರಂತೆ!

ಇನ್ನೊಬ್ಬರು ಮಿಸಿಸಿಪ್ಪಿಯ ಡೆಲ್ಟಾ ಸ್ಟೇಟ್ ಕಾಲೇಜಿನ ಮಾರ್ಗರೇಟ್ ವೇಡ್. ಅವರು ವಿದ್ಯಾರ್ಥಿನಿಯಾಗಿದ್ದಾಗ, 1930ರ ದಶಕದ ಆರಂಭದಲ್ಲಿ, ಈ ಆಟವು ಹೆಣ್ಣುಮಕ್ಕಳಿಗೆ ಅತಿ ಶ್ರಮದ್ದೆಂದು ಕಾಲೇಜು ಅದನ್ನು ನಿಲ್ಲಿಸಿಬಿಟ್ಟಿತು. ದುಃಖ ಸಿಟ್ಟುಗಳಿಂದ ಆಟಗಾರ್ತಿಯರು ತಮ್ಮ ಆಟದ ಉಡುಪುಗಳನ್ನು ಸುಟ್ಟುಹಾಕಿದರು. ಸುಮಾರು ನಾಲ್ವತ್ತು ವರ್ಷಗಳ ಮೇಲೆ ಅದೇ ಕಾಲೇಜು ಆಟವನ್ನು ಮರಳಿ ಆರಂಭಿಸಿದಾಗ, ಅರವತ್ತರ ಹರೆಯದ ವೇಡ್ ಅವರನ್ನೇ ಕರೆದು ಗುರುವಾಗಿ ನೇಮಿಸಿತು. 1975, 1976, 1977, ಹೀಗೆ ಮೂರು ವರ್ಷ ಪ್ರಶಸ್ತಿಯು ಅವರ ಕಾಲೇಜನ್ನು ಬಿಟ್ಟು ಕದಲಲಿಲ್ಲ. ಈ ಇಬ್ಬರ ಹೆಸರಿಲ್ಲದ ಪಟ್ಟಿಯು, ಪಾಯ ಹಾಕಿದವರನ್ನು ಮರೆತು ಕಳಸ ಇಟ್ಟವರನ್ನು ಮಾತ್ರ ಹೊಗಳಿದಂತೆ.

ಈಗ ನಡುಮನೆಯ ವಾದಕ್ಕೆ ಬರುವೆವು. ಶ್ರೀಮತಿ ಪ್ಯಾಟ್ ಸಮಿಟ್ ಮತ್ತು ಶ್ರೀ ಆರಿಯೆಮ್ಮಾ ಇವರಲ್ಲಿ ಹಿರಿಯರು ಯಾರು? ಅಂಕಿಗಳನ್ನು ಎದುರುಬದುರು ಇಟ್ಟರೆ ಆರಿಯೆಮ್ಮಾ ಅವರ ತಕ್ಕಡಿಯೇ ತೂಗುವದು ನಿರ್ವಿವಾದ. ಸಮಿಟ್ ಅವರು ಟೆನೆಸೀ ವಿಶ್ವವಿದ್ಯಾಲಯದಲ್ಲಿ 1974ರಿಂದ 2012ರ ವರೆಗೆ 38 ವರ್ಷ ದುಡಿದು 1,098 ಪಂದ್ಯಗಳನ್ನು ಗೆದ್ದರು, 208ನ್ನು ಸೋತರು. ಪಡೆದ ರಾಷ್ಟ್ರೀಯ ಪ್ರಶಸ್ತಿಗಳು 8. ನೂರಕ್ಕೆ 84 ಗೆಲುವುಗಳೆಂದಾಯಿತು. ಆರಿಯೆಮ್ಮಾ ಅವರ ಗೆಲುವು ನೂರಕ್ಕೆ 88ರಷ್ಟು. ಆರು ಸಲ ಅವರ ತಂಡವು ವರ್ಷವಿಡೀ ಒಂದು ಪಂದ್ಯವನ್ನೂ ಸೋಲದೆ ಪ್ರಶಸ್ತಿ ಪಡೆದಿರುತ್ತದೆ. ಒಂದು ಕಾಲಕ್ಕೆ 111 ಪಂದ್ಯಗಳನ್ನು ಸತತವಾಗಿ ಗೆದ್ದು, 2017ರಲ್ಲಿ ಮಿಸಿಸಿಪ್ಪಿ ಸ್ಟೇಟ್ ತಂಡದಿಂದ ಕಟ್ಟಕಡೆಯ ಕ್ಷಣದಲ್ಲಿ ಸೋಲನ್ನನುಭವಿಸಿತು. ಇಬ್ಬರೂ ಎದುರಾದ 22 ಪಂದ್ಯಗಳಲ್ಲಿ 13 ಆರಿಯೆಮ್ಮಾ ಅವರವು, 9 ಸಮಿಟ್ ಅವರವು.

ಇಷ್ಟೇ ಅಲ್ಲ, ನಮ್ಮ ಮೊದಲನೆಯ ಪ್ರಶ್ನೆಗೂ ಆರಿಯೆಮ್ಮಾ ಅವರಲ್ಲಿ ಒಳ್ಳೆಯ ಉತ್ತರವಿದೆ. ಇಟಲಿಯ ಮೊಂಟೆಲ್ಲಾ ಎಂಬ ಊರಲ್ಲಿ ಹುಟ್ಟಿ, ಏಳು ವರ್ಷದ ಹುಡುಗನಾಗಿ ಇಂಗ್ಲಿಷಿನ ಗಂಧವಿಲ್ಲದೆ ಅಮೇರಿಕೆಗೆ ಬಂದವರು ಅವರು. 1985ರಲ್ಲಿ ಕನೆಕ್ಟಿಕಟ್‌ನಲ್ಲಿ ಕೆಲಸಕ್ಕೆ ನಿಂತಾಗ, ಆ ಮಹಿಳಾ ತಂಡದ ಇತಿಹಾಸದಲ್ಲಿಯೇ ಸೋಲಿಗಿಂತ ಗೆಲುವು ಹೆಚ್ಚಾಗಿದ್ದ ವರ್ಷವು ಒಂದೇ ಒಂದು. ಅವರ ಮೊದಲನೆಯ ವರ್ಷದಲ್ಲಿ 12 ಗೆಲುವು, 15 ಸೋಲು. ಅಂದಿನಿಂದ ಅವರ ಬಲಗೈಯಾಗಿ ನಿಂತ ಕ್ರಿಸ್ ಡೇಲಿ ಅವರೊಡಗೂಡಿ ಅದನ್ನು ಜಗದ್ವಿಖ್ಯಾತ ತಂಡವನ್ನಾಗಿ ಮಾಡಿದರು. ಸ್ಯೂ ಬರ್ಡ್, ಡಯಾನಾ ಟೌರಾಸಿ, ಮಾಯಾ ಮೂರ್, ಬ್ರಿಯಾನಾ ಸ್ಟೂವರ್ಟ್ ಮುಂತಾಗಿ ಒಲಿಂಪಿಕ್ ಸುವರ್ಣವನ್ನು ತಂದ ಶಿಷ್ಯೆಯರ ಸಾಲು ಅವರದು. ಅವರ ಹೊಲವನ್ನು ಎರೆಹೊಲವೆಂದು ಯಾರೂ ಹೇಳಲಾರರು.

ಹೀಗಿದ್ದರೂ ನಾವು ಸಮಿಟ್ ಅವರನ್ನೇ ಮೊದಲು ಎಣಿಸುವೆವು. ಕಾರಣವಿಷ್ಟೇ: ಆರಿಯೆಮ್ಮಾ ಅವರು ಕಲ್ಲುಹೊಲವನ್ನು ಕೈಗೆತ್ತಿಕೊಂಡರು, ಸಮಿಟ್ ಅವರು ಬಂದಾಗ ಹೊಲವೇ ಇರಲಿಲ್ಲ, ಅಡವಿಯಿತ್ತು. ಟೆನೆಸೀ ಪ್ರಾಂತದ ರೈತನ ಮಗಳಾದ ಅವರು ಹುಡುಗಿಯಾಗಿದ್ದಾಗ, ತಮ್ಮೂರಿನ ಶಾಲೆಯಲ್ಲಿ ಹೆಣ್ಣುಮಕ್ಕಳ ತಂಡವಿರಲಿಲ್ಲವೆಂದು ಅವರ ತಂದೆಯು ಮನೆಯನ್ನೇ ಪಕ್ಕದ ಊರಿಗೆ ಸಾಗಿಸಿದನು. 22ನೆಯ ವರ್ಷದಲ್ಲಿ ಗುರುಪದವಿಯು ಬಂದಾಗ ಸಂಬಳವು ತಿಂಗಳಿಗೆ 250 ಡಾಲರು. ಶಿಷ್ಯೆಯರಲ್ಲಿ ಕೆಲವರು ಅವರಿಗಿಂತ ಒಂದೇ ವರ್ಷಕ್ಕೆ ಚಿಕ್ಕವರು. ತಂಡದ ಗಾಡಿಯನ್ನು ನಡೆಸುವವರೂ ಅವರೇ, ಉಡುಪುಗಳನ್ನು ಒಗೆಯುವವರೂ ಅವರೇ. ಆ ಉಡುಪುಗಳಾದರೂ ಸಿಹಿರೊಟ್ಟಿಗಳನ್ನು ಮಾರಿ ಕೂಡಿಸಿದ ಹಣದಿಂದ ಕೊಂಡವು! ಮೊದಲನೆಯ ಪಂದ್ಯದಲ್ಲಿ ಒಂದು ಅಂಕದಿಂದ ಸೋಲಾಯಿತು. ಎರಡು ವರ್ಷಗಳ ಮೇಲೆ ಅವರೇ ಆಟಗಾರ್ತಿಯಾಗಿ ಒಲಿಂಪಿಕ್ ರಜತವನ್ನು ತಂದರು; 1984ರಲ್ಲಿ ಗುರುವಾಗಿ ಸುವರ್ಣವನ್ನು ತಂದರು.

ಎರಡನೆಯ ಪ್ರಶ್ನೆಗೆ ಉತ್ತರವು ಇದಕ್ಕಿಂತಲೂ ಬಲವಾಗಿದೆ. ಸಮಿಟ್ ಅವರು ಬಿಟ್ಟುಹೋದದ್ದು ಟೆನೆಸೀ ತಂಡವನ್ನಷ್ಟೇ ಅಲ್ಲ, ಆಟದ ಪೇಟೆಯನ್ನೇ. ಎದುರಾಳಿಯು ಯಾರೇ ಕರೆಯಲಿ, ಎಷ್ಟು ದೂರವೇ ಇರಲಿ, ತಂಡವನ್ನು ಕರೆದೊಯ್ದು ಆಡಿಸಿ ಪ್ರೇಕ್ಷಕರನ್ನು ಒದಗಿಸಿಕೊಡುವದು ಅವರ ರೂಢಿಯಾಗಿದ್ದಿತು. 1995ರ ಜನವರಿ 16ರಂದು ಕನೆಕ್ಟಿಕಟ್‌ಗೆ ಹೋಗಿ ಆಡಿ 77–66ರಿಂದ ಸೋತದ್ದೂ ಹಾಗೆಯೇ. ಆ ಒಂದು ಗೆಲುವು ಆರಿಯೆಮ್ಮಾ ಅವರ ತಂಡವನ್ನು ದೇಶದ ಮೊದಲನೆಯ ಸ್ಥಾನಕ್ಕೇರಿಸಿತು. ಅದೇ ವಸಂತದಲ್ಲಿ ಅವರಿಗೆ ಮೊದಲನೆಯ ಪ್ರಶಸ್ತಿಯೂ ದೊರೆಯಿತು. ಶಿಖರವನ್ನೇರುವವನಿಗೆ ಶಿಖರವೊಂದು ಇರಬೇಕಷ್ಟೆ? ಆರಿಯೆಮ್ಮಾ ಅವರು ಏರಿದ ಶಿಖರವು ಸಮಿಟ್ ಅವರೇ ಆಗಿದ್ದರು. ಇನ್ನು ಮೂರನೆಯ ಪ್ರಶ್ನೆ: ಟೆನೆಸೀಯಲ್ಲಿ ತನ್ನ ಆಟದ ಅವಧಿಯನ್ನು ಮುಗಿಸಿದ ಪ್ರತಿಯೊಬ್ಬ ಶಿಷ್ಯೆಯೂ ಪದವೀಧರಳಾದಳು. ಪಂದ್ಯದ ಪ್ರಶಸ್ತಿಗಳು ಎಂಟಾದರೆ ಈ ಪ್ರಶಸ್ತಿಯು ಒಂಬತ್ತನೆಯದು. ನಮ್ಮ ದೃಷ್ಟಿಯಲ್ಲಿ ಅದೇ ಮೊದಲನೆಯದು.

ಮರೆವಿನ ರೋಗವು 2011ರಲ್ಲಿ ಅವರನ್ನು ಹಿಡಿದು, 2016ರಲ್ಲಿ 64ನೆಯ ವಯಸ್ಸಿನಲ್ಲಿಯೇ ಕೊಂಡೊಯ್ದದ್ದರಿಂದ ಹುಟ್ಟಿದ ಕನಿಕರವು ಇಂಥ ನಿರ್ಣಯಕ್ಕೆ ಕಾರಣವೆಂದು ಕೆಲವರು ಆಕ್ಷೇಪಿಸಬಹುದು. ಕನಿಕರವು ಪ್ರಮಾಣವಲ್ಲವೆಂಬದು ನಮಗೂ ಒಪ್ಪಿಗೆ. ಅವರು ಆರೋಗ್ಯದಿಂದ ಇಂದಿಗೂ ಬದುಕಿದ್ದರೂ ಮೇಲೆ ಹೇಳಿದ ಸಂಗತಿಗಳಲ್ಲಿ ಒಂದಕ್ಷರವೂ ಬದಲಾಗುತ್ತಿರಲಿಲ್ಲ.

ಎರಡನೆಯ ಸ್ಥಾನವು ನಿಸ್ಸಂಶಯವಾಗಿ ಆರಿಯೆಮ್ಮಾ ಅವರದು. ಮೂರನೆಯವರು ವ್ಯಾನ್‌ಡರ್ವೀರ್. ಗಂಡುಹುಡುಗರು ತನ್ನನ್ನು ಆಟಕ್ಕೆ ಸೇರಿಸಿಕೊಳ್ಳಲೆಂದು, ಎಲ್ಲರಲ್ಲಿಯೂ ಒಳ್ಳೆಯ ಚೆಂಡನ್ನು ತಾನೇ ಇಟ್ಟುಕೊಳ್ಳುತ್ತಿದ್ದ ಜಾಣೆ ಅವರು. ವಿದ್ಯೆಯಲ್ಲಿ ಕಟ್ಟುನಿಟ್ಟಿಗೆ ಹೆಸರಾದ ಸ್ಟ್ಯಾನ್‌ಫರ್ಡ್‌ನಲ್ಲಿ, ಓದಿನಲ್ಲಿ ಹಿಂದುಳಿದ ಆಟಗಾರ್ತಿಗೆ ಬಾಗಿಲೇ ತೆರೆಯದ ಸ್ಥಳದಲ್ಲಿ, ಅವರು 1990, 1992 ಮತ್ತು 2021ರಲ್ಲಿ ಪ್ರಶಸ್ತಿ ಗಳಿಸಿದರು. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ 29 ವರ್ಷ! ಇಷ್ಟು ಕಾಲ ಶಿಖರದ ಹತ್ತಿರವೇ ಇದ್ದು ತಾಳ್ಮೆಗೆಡದಿರುವದು ಸಾಮಾನ್ಯ ಗುಣವಲ್ಲ. ಕೊನೆಯ ಪ್ರಶಸ್ತಿಯ ವರ್ಷವಂತೂ ಸಾಂಕ್ರಾಮಿಕದ ನಿರ್ಬಂಧದಿಂದ ತಮ್ಮ ಅಂಗಳದಲ್ಲಿಯೇ ಆಡುವಂತಿಲ್ಲದೆ, ಹತ್ತಿರ ಹತ್ತು ವಾರ ತಂಡವು ಪರಸ್ಥಳದ ಹೊಟೇಲುಗಳಲ್ಲಿ ಅಲೆಯಬೇಕಾಯಿತು. ಕೊನೆಗೆ 54–53, ಒಂದೇ ಅಂಕದ ಗೆಲುವು. 2024ರಲ್ಲಿ ಅವರು ನಿವೃತ್ತರಾದರು.

ನಾಲ್ಕನೆಯ ಸ್ಥಾನವನ್ನು ಡಾನ್ ಸ್ಟೇಲಿ ಅವರಿಗೆ ಕೊಡುವೆವು. ಈ ಸ್ಥಾನವು ಮೇಲೇರುವ ಸಂಭವವುಂಟೆಂದೂ ಹೇಳುವೆವು. ಫಿಲಡೆಲ್ಫಿಯಾದ ಬಡಕೇರಿಯಲ್ಲಿ ಬೆಳೆದು, ಆಟಗಾರ್ತಿಯಾಗಿ ಮೂರು ಒಲಿಂಪಿಕ್ ಸುವರ್ಣಗಳನ್ನು ತಂದ ಈ ಕರಿಯ ಮಹಿಳೆಯು 2008ರಲ್ಲಿ ಸೌತ್ ಕ್ಯಾರೊಲೈನಾಕ್ಕೆ ಬಂದಾಗ ಮೊದಲ ವರ್ಷದ ಫಲ 10 ಗೆಲುವು, 18 ಸೋಲು. 2017, 2022, 2024ರಲ್ಲಿ ಪ್ರಶಸ್ತಿಗಳು ಬಂದವು. 2023ರಲ್ಲಿ 36 ಗೆಲುವುಗಳ ಮೇಲೆ ಒಂದೇ ಒಂದು ಸೋಲಿನಿಂದ ಎಲ್ಲವೂ ಕೈತಪ್ಪಿತು. ಆ ತಂಡದ ಐವರು ಮುಖ್ಯ ಆಟಗಾರ್ತಿಯರೂ ಹೊರಟುಹೋದರು. ಮರುವರ್ಷ ಹೊಸಬರನ್ನೇ ಕಟ್ಟಿಕೊಂಡು 38ಕ್ಕೆ 38ನ್ನೂ ಗೆದ್ದರು. 1999ರಲ್ಲಿ ಪರ್ಡ್ಯೂ ತಂಡಕ್ಕೆ ಪ್ರಶಸ್ತಿ ತಂದ ಕ್ಯಾರೊಲಿನ್ ಪೆಕ್ ಅವರು ತಮ್ಮ ವಿಜಯದ ಬಲೆಯ ಒಂದು ತುಂಡನ್ನು ಸ್ಟೇಲಿ ಅವರಿಗೆ ಕೊಟ್ಟಿದ್ದರು. ಸ್ಟೇಲಿ ಅವರು ತಾವು ಗೆದ್ದ ಮೇಲೆ ತಮ್ಮ ಬಲೆಯನ್ನು ತುಂಡರಿಸಿ, ದೇಶದಲ್ಲಿ ಗುರುಗಳಾಗಿರುವ ಕರಿಯ ಮಹಿಳೆಯರಿಗೆ ಕಳುಹಿದರು. ಗುರುಪರಂಪರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತವು ಬೇಕೆ?

ಐದನೆಯ ಹೆಸರನ್ನು ಕೇಳಿ ಪಟ್ಟಿಕಾರರು ಹುಬ್ಬೇರಿಸಬಹುದು. ಅದು ಸಿ. ವಿವಿಯನ್ ಸ್ಟ್ರಿಂಗರ್ ಅವರದು. ರಾಷ್ಟ್ರೀಯ ಪ್ರಶಸ್ತಿಯು ಅವರಿಗೆ ಒಂದು ಸಲವೂ ದೊರೆಯಲಿಲ್ಲ. ಆದರೆ ಅವರ ಬೇರೆ ಲೆಕ್ಕವನ್ನು ನೋಡಿರಿ. 1982ರ ಮೊದಲ ಪಂದ್ಯಾವಳಿಯಲ್ಲಿಯೇ ಚೇನಿ ಸ್ಟೇಟ್ ಎಂಬ, ಕರಿಯರ ವಿದ್ಯಾಭ್ಯಾಸಕ್ಕಾಗಿ 1837ರಲ್ಲಿ ಸ್ಥಾಪಿತವಾದ ಬಡ ಸಂಸ್ಥೆಯ ತಂಡವನ್ನು ಅವರು ಅಂತಿಮ ಪಂದ್ಯದ ವರೆಗೆ ಒಯ್ದರು. ಆಮೇಲೆ 1993ರಲ್ಲಿ ಅಯೋವಾವನ್ನು, 2000 ಮತ್ತು 2007ರಲ್ಲಿ ರಟ್ಗರ್ಸ್ ತಂಡವನ್ನು ಕೊನೆಯ ನಾಲ್ವರಲ್ಲಿ ನಿಲ್ಲಿಸಿದರು. ಮೂರು ಬೇರೆ ಬೇರೆ ಸಂಸ್ಥೆಗಳನ್ನು ಅಲ್ಲಿಗೆ ಮುಟ್ಟಿಸಿದವರಲ್ಲಿ ಅವರೇ ಮೊದಲಿಗರು. ಒಟ್ಟು ಜಯಗಳು 1,055. 2007ರಲ್ಲಿ ಒಬ್ಬ ರೇಡಿಯೋ ಭಾಷಣಕಾರನು ಅವರ ಶಿಷ್ಯೆಯರನ್ನು ಬಣ್ಣದ ಮೇಲೆ ಹೀನಾಯವಾಗಿ ಹಳಿದಾಗ, ಇಡೀ ದೇಶದ ಎದುರು ಆ ಹುಡುಗಿಯರ ಬೆನ್ನಿಗೆ ನಿಂತು ಅವರ ಮಾನವನ್ನು ಕಾಯ್ದವರು ಇವರು. ಇಂಥವರನ್ನು ಬರಿಗೈಯವರೆಂದು ಬಿಟ್ಟುಬಿಡುವ ಕೋಲು ಮುರಿದ ಕೋಲೇ ಸರಿ.

ಆರನೆಯವರು ಕಿಮ್ ಮಲ್ಕಿ. ಬೇಲರ್‌ನಲ್ಲಿ 2005, 2012 ಮತ್ತು 2019ರಲ್ಲಿ, ಲೂಯಿಸಿಯಾನಾ ಸ್ಟೇಟ್‌ನಲ್ಲಿ 2023ರಲ್ಲಿ, ಹೀಗೆ ನಾಲ್ಕು ಪ್ರಶಸ್ತಿಗಳು. ಅದರಲ್ಲಿ 2012ರ ತಂಡವು 40ಕ್ಕೆ 40ನ್ನೂ ಗೆದ್ದಿತು. ಎರಡು ಕಡೆಯೂ ಬಿದ್ದ ತಂಡಗಳನ್ನೇ ಎತ್ತಿದವರು, 1984ರಲ್ಲಿ ಸಮಿಟ್ ಅವರ ಕೈಕೆಳಗೆ ಆಡಿ ಸುವರ್ಣ ತಂದವರು. ಪ್ರಶಸ್ತಿಯೇ ಕೋಲಾದರೆ ಅವರು ಮೂರನೆಯವರಾಗಬೇಕು. ಈ ವಾದವು ಹುರುಳಿಲ್ಲದ್ದೇನೂ ಅಲ್ಲ. ಆದರೆ ಹಣವುಳ್ಳ ಸಂಸ್ಥೆಯು ಕೈತುಂಬ ಕೊಟ್ಟು ಕರೆದ ಮೇಲೆ ಎತ್ತಿದ ಭಾರಕ್ಕೂ, ಚೇನಿಯಂಥ ಸ್ಥಳದಲ್ಲಿ ಬರಿಗೈಯಿಂದ ಎತ್ತಿದ ಭಾರಕ್ಕೂ ಅಂತರವುಂಟು. ಆ ಅಂತರಕ್ಕಾಗಿಯೇ ಅವರನ್ನು ಸ್ಟ್ರಿಂಗರ್ ಅವರ ಕೆಳಗೆ ಇಟ್ಟಿದ್ದೇವೆ.

ಪಟ್ಟಿ ಮಾಡುವದು ಹೊತ್ತು ಕಳೆಯುವ ಹರಟೆ, ಇದಕ್ಕಾಗಿ ಇಷ್ಟು ಕಾಗದವನ್ನೇಕೆ ವೆಚ್ಚಮಾಡಬೇಕೆಂದು ವಾಚಕರು ಕೇಳಬಹುದು. ಹರಟೆಯಲ್ಲವೆಂಬದೇ ನಮ್ಮ ಅಭಿಪ್ರಾಯ. ಯಾರು ದೊಡ್ಡವರೆಂಬ ಭಾವನೆಯಿಂದಲೇ ಮುಂದಿನ ಗುರುವನ್ನು ಆರಿಸುವದು, ಸಂಬಳವನ್ನು ಗೊತ್ತುಮಾಡುವದು ನಡೆಯುತ್ತದೆ. 1972ರಲ್ಲಿ ಅಮೇರಿಕೆಯ ಕಾಲೇಜುಗಳಲ್ಲಿ ಮಹಿಳೆಯರ ಎಲ್ಲ ಬಗೆಯ ಆಟಗಳ ಗುರುಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿ ಮಹಿಳೆಯರೇ ಆಗಿದ್ದರು. 2014ರ ಹೊತ್ತಿಗೆ ಅದು ನೂರಕ್ಕೆ 43ರಷ್ಟಕ್ಕೆ ಇಳಿದಿತ್ತು. ಸಂಬಳವಿಲ್ಲದಾಗ ಮಹಿಳೆಯರ ಕೆಲಸವೆನಿಸಿದ್ದು, ಸಂಬಳ ಬಂದೊಡನೆ ಎಲ್ಲರ ಕೆಲಸವಾಯಿತು! ಆಡುವ ಹಕ್ಕನ್ನು ಕೊಟ್ಟ ಶಾಸನವೇ ಕಲಿಸುವ ಪೀಠದಿಂದ ಅನೇಕ ಮಹಿಳೆಯರನ್ನು ಇಳಿಸಿದಂತಾಯಿತು. ನಾಟರ್‌ಡೇಮ್‌ನಲ್ಲಿ ಎರಡು ಪ್ರಶಸ್ತಿಗಳನ್ನು ಗೆದ್ದ ಮಫೆಟ್ ಮೆಕ್‌ಗ್ರಾ ಅವರು 2019ರಲ್ಲಿ, ತಾವು ಇನ್ನು ಪುರುಷ ಸಹಾಯಕರನ್ನು ನೇಮಿಸಿಕೊಳ್ಳುವದಿಲ್ಲವೆಂದು ಬಹಿರಂಗವಾಗಿ ಹೇಳಿದ್ದು ಈ ನೋವಿನಿಂದಲೇ. ಇದು ಆರಿಯೆಮ್ಮಾ ಅವರ ದೋಷವಲ್ಲ. ಯೋಗ್ಯನಾದ ಪುರುಷನು ಕಲಿಸಬಾರದೆಂದೂ ನಾವು ಹೇಳೆವು. ಆದರೆ ಗೆದ್ದ ಪಂದ್ಯಗಳನ್ನು ಮಾತ್ರ ಎಣಿಸುವ ಪಟ್ಟಿಯು, ಕೂಲಿಯಿಲ್ಲದೆ ದುಡಿದ ಮಹಿಳೆಯರ ಪೀಳಿಗೆಯನ್ನೇ ಕಣ್ಮರೆ ಮಾಡಿ, ಇಂದಿನ ಹುಡುಗಿಗೆ ತಪ್ಪು ಪಾಠವನ್ನು ಕಲಿಸುತ್ತದೆ.

ಇನ್ನು ಮುಂದೆ ಲೆಕ್ಕವು ಮತ್ತಷ್ಟು ತೊಡಕಾಗುವದು. 2021ರಿಂದ ಆಟಗಾರ್ತಿಯರು ತಮ್ಮ ಹೆಸರು ಭಾವಚಿತ್ರಗಳಿಂದ ಹಣ ಗಳಿಸಬಹುದಾಗಿದೆ. ಒಂದು ಕಾಲೇಜನ್ನು ಬಿಟ್ಟು ಇನ್ನೊಂದನ್ನು ಸೇರಿದೊಡನೆ ಆಡಬಹುದಾಗಿದೆ. 2025ರ ನ್ಯಾಯಾಲಯದ ಒಪ್ಪಂದದಿಂದ ಸಂಸ್ಥೆಗಳೇ ನೇರವಾಗಿ ಹಣ ಕೊಡುವ ಮಾರ್ಗವೂ ತೆರೆಯಿತು. ದುಡಿಯುವ ಹುಡುಗಿಗೆ ಅವಳ ಪಾಲು ಸಿಕ್ಕುವದು ನ್ಯಾಯವೇ. ಆದರೆ ಸಿರಿವಂತ ಸಂಸ್ಥೆಯು ಬೆಳೆದ ಪೈರನ್ನೇ ಕಿತ್ತು ತಂದು ನೆಡಬಹುದಾದ ಕಾಲದಲ್ಲಿ, ಗೆಲುವು ಗುರುವಿನದೆಷ್ಟು, ಹಣದ ಚೀಲದ್ದೆಷ್ಟು ಎಂದು ಬೇರ್ಪಡಿಸುವವರಾರು? ಸಮಿಟ್ ಅವರ 1,098ಕ್ಕೂ, ಮುಂದೆ ಬರುವವರ ಎಷ್ಟೋ ಸಾವಿರಕ್ಕೂ ಒಂದೇ ಸೇರಿನಿಂದ ಅಳತೆ ನಡೆಯಲಾರದು.

ಆದಕಾರಣ ಪಟ್ಟಿಗಳು ಬೇಡವೆಂದು ನಾವು ಹೇಳುವದಿಲ್ಲ. ಪಟ್ಟಿಯಲ್ಲಿ ಗೆಲುವಿನ ಅಂಕಣದ ಪಕ್ಕದಲ್ಲಿ ಇನ್ನೂ ಮೂರು ಅಂಕಣಗಳಿರಲಿ ಎಂದಷ್ಟೇ ಹೇಳುವೆವು. ಬಂದಾಗ ಏನಿತ್ತು, ಹೋದಾಗ ಏನುಳಿಯಿತು, ಶಿಷ್ಯೆಯರು ಏನಾದರು. ಈ ಅಂಕಣಗಳನ್ನು ತುಂಬುವದಕ್ಕೆ ಶ್ರಮವುಂಟು, ಹಳೆಯ ದಫ್ತರುಗಳನ್ನು ತಿರುವಿಹಾಕಬೇಕಾಗುವದು. ಆದರೆ ಹಾಗೆ ತುಂಬಿದ ಪಟ್ಟಿಯಲ್ಲಿ, ತಂಡದ ಉಡುಪುಗಳನ್ನು ತಾನೇ ಒಗೆದು ಒಣಗಹಾಕಿದ 22 ವರ್ಷದ ಆ ರೈತನ ಮಗಳ ಹೆಸರು ಎಲ್ಲಿ ನಿಲ್ಲುವದೆಂಬ ಬಗ್ಗೆ ನಮಗೆ ಸಂದೇಹವಿಲ್ಲ.